ಮೇಣದೊಳಗಿನ ತುಣುಕು

ಯಲ್ಲದಕೆರೆಯ ಕುರಿಗಾರ ಪಾಲಯ್ಯ ಕಾಯಿಲೆಯಿಂದ ಸತ್ತ ಕುರಿಯನ್ನು ಎಂದೂ ಹಟ್ಟಿಗೆ ತಂದವನಲ್ಲ. ಕೆಟ್ಟ ಮಾಂಸವನ್ನು ಊರಾಚೆ ಹೂತು, ಮೇಲೊಂದು ಕಲ್ಲು ಹೇರಿ ಬರುವುದು ಅವನಪ್ಪನ ಕಾಲದಿಂದ ನಡೆದು ಬಂದದ್ದು.

ಹೆಂಡತಿ ಕೆಂಚಕ್ಕನ ಕೊರಳ ಗಂಟಿಗೆಂದು ಚಿತ್ರದುರ್ಗದಲ್ಲಿ ಥೈರಾಯ್ಡ್ ಗ್ರಂಥಿಯ ಅರ್ಧ ತೆಗೆದಿದ್ದರು. ಗಂಟು ಸಾದಾ ಗಂಟೇ. ಆದರೆ ಅದರ ಪಕ್ಕ ಸಾಸಿವೆಗಿಂತ ಸಣ್ಣದೊಂದು ಜೀವಕೋಶಗಳ ಗುಂಪಿತ್ತು. ಅದು ಕ್ಯಾನ್ಸರಿನಂತೆ ಕಾಣುತ್ತಿದೆ, ಉಳಿದರ್ಧವನ್ನೂ ಸೋಮವಾರ ತೆಗೆಯಬೇಕು ಎಂದರು. ಅದಕ್ಕೆ ಮೊದಲು ದಾವಣಗೆರೆಯ ಡಾಕ್ಟರಮ್ಮನಿಗೊಮ್ಮೆ ತೋರಿಸಿರಿ ಎಂದು ಆ ಗುಂಪಿನ ತೆಳು ಪದರ ಅಂಟಿಸಿದ ಎರಡು ಗಾಜಿನ ಪಟ್ಟಿಯನ್ನೂ, ಪ್ಲಾಸ್ಟಿಕ್ ಗೂಡಿನಲ್ಲಿದ್ದ ಮೇಣದ ತುಂಡನ್ನೂ ಕೊಟ್ಟರು. ಮೇಣದೊಳಗಿರುವುದು ಹೆಂಡತಿಯ ಮಾಂಸವೆಂದು ತಿಳಿದದ್ದೇ ಪಾಲಯ್ಯ ಯಾರಿಗೂ ಹೇಳದೆ ಮಂದೆ ನಿಲ್ಲಿಸಿದ್ದ ಹೊಲದ ಅಂಚಿನಲ್ಲಿ ಅದನ್ನು ಹೂತು ಮೇಲೊಂದು ಕಲ್ಲಿಟ್ಟ. ದಾವಣಗೆರೆಗೆ ಒಯ್ದದ್ದು ಗಾಜು ಮಾತ್ರ.

ಡಾಕ್ಟರಮ್ಮ ಗಾಜನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಮಗು ತಾಯಿಯ ಹೊಟ್ಟೆಯಲ್ಲಿ ಬೆಳೆಯುವಾಗಿನ ಕೆಲವು ಕೋಶಗಳು ಈ ಗ್ರಂಥಿಯಲ್ಲಿ ಹಾಗೇ ಉಳಿದುಬಿಡುತ್ತವೆ, ತೊಂದರೆಯಿಲ್ಲ, ಆದರೆ ತಿಳಿದವರ ಕಣ್ಣನ್ನೂ ಮೋಸಗೊಳಿಸುತ್ತವೆ ಎಂದರು.

"ಆಡಿನ ಕೊರಳಾಗೆ ಮೊಲೆ ಜೋತಾಡ್ತಾವಲ್ಲಮ್ಮ, ಹಾಲಿಲ್ಲ ಏನಿಲ್ಲ. ಹಂಗೇನ್ರಿ?"

"ಹೆಚ್ಚುಕಮ್ಮಿ ಹಂಗೇ. ಆದ್ರೆ ನನಗೆ ಅನ್ನಿಸಿದ್ದನ್ನ ರಿಪೋರ್ಟಲ್ಲಿ ಬರೆಯೋಕಾಗಲ್ಲ. ಮೇಣದಿಂದ ಕೊಯ್ದು ಬೇರೆ ಬಣ್ಣ ಹಾಕಿ ನೋಡ್ಬೇಕು. ಖಾತ್ರಿಯಾದ್ರೆ ಸೋಮವಾರದ ಆಪರೇಷನ್ ಬೇಕಾಗಲ್ಲ. ತುಂಡು ಕೊಡ್ರಿ."

ಪಾಲಯ್ಯ ಕಂಬಳಿ ಸರಿಮಾಡಿಕೊಂಡು, "ಹೂತುಬಿಟ್ಟೀನ್ರಮ್ಮ," ಎಂದ.

ಗಂಡ ಹೆಂಡತಿ ಊರಿಗೆ ಮರಳುವಷ್ಟರಲ್ಲಿ ಹೊಲಕ್ಕೆ ಟ್ರ್ಯಾಕ್ಟರ್ ಹೊಡೆದಾಗಿತ್ತು. ಗುರುತಿನ ಕಲ್ಲು ಬದುವಿನ ಮೇಲೆ ಬಿದ್ದಿತ್ತು. ಚಿತ್ರದುರ್ಗದ ಆಸ್ಪತ್ರೆಗೆ ಫೋನ್ ಮಾಡಿದರೆ, ಆ ಗುಂಪು ಇದ್ದದ್ದು ಅದೊಂದೇ ತುಂಡಿನಲ್ಲಿ ಎಂದರು. ಇಬ್ಬರೂ ಎರಡು ದಿನ ಮಣ್ಣಿನ ಹೆಂಟೆ ಒಡೆದು ಹುಡುಕಿದರು. ಭಾನುವಾರ ಮಧ್ಯಾಹ್ನ ಪ್ಲಾಸ್ಟಿಕ್ ಗೂಡು ಸಿಕ್ಕಿತು. ಸೀಳಿಹೋಗಿತ್ತು. ಒಳಗೆ ಮಣ್ಣು.

"ಗೂಡಿನ ಮ್ಯಾಲೆ ನಂಬರ್ ಐತೆ," ಎಂದ ಪಾಲಯ್ಯ.

"ನಂಬರಿಗೆ ಬಣ್ಣ ಹಾಕ್ತಾರೇನು?" ಕೆಂಚಕ್ಕ ಅದನ್ನು ಸೆರಗಿನಲ್ಲಿ ಒರೆಸಿದಳು. "ನಮ್ಮವ್ವನ ಹೊಟ್ಟೇಲಿದ್ದಾಗಿಂದ ನನ್ ಜತೀಗಿದ್ದದ್ದು. ಹೂಳಾಕೆ ಮುಂಚೆ ನನ್ನೊಂದ್ ಮಾತು ಕೇಳಿದ್ರೆ ಏನಾಗ್ತಿತ್ತು ನಿಂಗೆ?"

ಅವನು ಇನ್ನೊಂದು ಹೆಂಟೆ ಎತ್ತಿಕೊಂಡ.

"ಸಾಕು, ಏಳು. ಬೆಳಗಿನ ಬಸ್ಸಿಗೆ ದುರ್ಗಕ್ಕೆ ಹೋಗಾಣ. ಉಳಿದರ್ಧಾನೂ ಕೊಯ್ಯೋರು ಕೊಯ್ಲಿ," ಎಂದು ಅವಳು ಕೊರಳ ಹೊಲಿಗೆಯ ಮೇಲೆ ಸೆರಗು ಹೊದ್ದಳು.

ಪಾಲಯ್ಯ ಏಳಲಿಲ್ಲ. ಹೆಂಟೆಯನ್ನು ಎರಡು ಕೈಯಲ್ಲಿ ಹಿಡಿದು ಪುಡಿಮಾಡುತ್ತಲೇ ಇದ್ದ.