ಮೇಷ್ಟ್ರಿಗೆ ಕೇಳಿಸಿದ ಹೂಂ

ಮಗಳ ಬಾಯಿಂದ ಹೂಂ ಅನ್ನಿಸಿಕೊಳ್ಳದೆ ಯಾರ ಕೈಯಿಂದಲೂ ತಾಂಬೂಲ ತೆಗೆದುಕೊಳ್ಳುವುದಿಲ್ಲ ಅಂತ ನನ್ನ ಹೆಂಡತಿ ಶ್ಯಾಮಲಮ್ಮನಿಗೆ ನಾನು ಮಾತು ಕೊಟ್ಟಿದ್ದು ಐವತ್ತೊಂದನೇ ಇಸವಿಯಲ್ಲಿ. ಆಗ ನಮ್ಮ ವೆಂಕಟರತ್ನಮ್ಮನಿಗೆ ಆರು ವರ್ಷ. ಶ್ಯಾಮಲಮ್ಮ ಹಾಸಿಗೆ ಹಿಡಿದು ಮೂರು ತಿಂಗಳಾಗಿತ್ತು.

"ನನ್ನನ್ನ ಯಾರೂ ಕೇಳಲಿಲ್ಲ. ಸೊಪ್ಪು ಬಿಡಿಸ್ತಿದ್ದೋಳ್ನ ಕರೆದು ಸೀರೆ ಉಡಿಸಿ ಕೂರಿಸಿದ್ರು. ನಿಮ್ಮ ಮೇಲೆ ದೂರಿಲ್ಲ. ಆದ್ರೂ ಒಂದು ಮಾತು ಕೇಳ್ಬೇಕಿತ್ತು" ಅಂದಳು. ಆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನನ್ನ ಅಕ್ಕ ಗಂಗುಲಮ್ಮ ಪಕ್ಕದ ಅಡಿಗೆಮನೆಯಲ್ಲಿ ಗಂಜಿ ಕಾಯಿಸುತ್ತಿದ್ದಳು.

ಶ್ಯಾಮಲಮ್ಮ ತೀರಿಕೊಂಡ ಮೇಲೆ ಮಗುವನ್ನು ಸಾಕಿದವಳು ಆ ಅಕ್ಕನೇ. ಗಂಡ ಸತ್ತು ನಮ್ಮ ಮನೆಗೆ ಬಂದವಳು. ನನಗೆ ಮಂಡಿಕಲ್ ಹತ್ತಿರ ಎರಡು ಎಕರೆ ಹಿಪ್ಪುನೇರಳೆ ತೋಟ, ಒಂದು ಬಾವಿ, ವರ್ಷಕ್ಕೆ ಐದು ಬೆಳೆ ರೇಷ್ಮೆಹುಳ. ಗೂಡು ಕಟ್ಟಿದ ಮೇಲೆ ಶಿಡ್ಲಘಟ್ಟಕ್ಕೆ ಹೊತ್ತು ಹಾಕುವುದು, ಬಂದು ಮತ್ತೆ ಸೊಪ್ಪು ಕೊಯ್ಯುವುದು. ಹುಳ ಸಾಕುವವನಿಗೆ ಬೆನ್ನು ನೆಟ್ಟಗೆ ಮಾಡುವಷ್ಟೂ ಪುರುಸೊತ್ತಿರಲ್ಲ.

ಅರವತ್ತೆರಡನೇ ಇಸವಿ ಹೊತ್ತಿಗೆ ಅಕ್ಕ ಗುರುವಾರ ಗುರುವಾರ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋಗುವುದು ಅಭ್ಯಾಸ ಮಾಡಿಕೊಂಡಿದ್ದಳು. ಅಲ್ಲಿ ದಕ್ಷಿಣಾಮೂರ್ತಿಯವರು ಅಂತ, ಹೆಡ್‌ಮಾಸ್ಟರಾಗಿ ರಿಟೈರಾದವರು. ಕಾವಿ ಇಲ್ಲ, ಜಟೆ ಇಲ್ಲ, ಯಾರ ಹತ್ತಿರವೂ ಬಿಡಿಗಾಸು ಮುಟ್ಟುವವರಲ್ಲ. ಹಜಾರದಲ್ಲಿ ಚಾಪೆ ಹಾಸಿ ಕೂತು ಮಾತಾಡುವುದು, ಅಷ್ಟೆ. ಎಲ್ಲರ ಮನಸ್ಸೂ ಒಂದೇ ಅನ್ನುವುದು ಅವರ ಮಾತು. ಹೊಲಕ್ಕೊಂದು ಬಾವಿ, ಕೆಳಗಿನ ನೀರು ಮಾತ್ರ ಒಂದೇ. ಹಾಗೇ ಮನುಷ್ಯರೊಳಗಿನ ಅರಿವು ಅಂತ.

"ಅದು ನಂಗೂ ಗೊತ್ತು. ಪಕ್ಕದ ತೋಟದ ನಲ್ಲಪ್ಪ ಅವನ ಬಾವಿ ಆಳ ಮಾಡಿಸಿದ ವರ್ಷ ನಮ್ಮದು ಬತ್ತಿಹೋಯ್ತು" ಅಂದೆ ನಾನು.

"ನಿನ್ನ ಬುದ್ಧಿ ಬಾವಿ ಬಿಟ್ಟು ಮೇಲಕ್ಕೆ ಬರಲ್ಲ ಕಣೋ" ಅಂದಳು ಅಕ್ಕ.

ಆ ವರ್ಷ ರತ್ನಮ್ಮನಿಗೆ ಚಿಂತಾಮಣಿಯಿಂದ ಒಂದು ಸಂಬಂಧ ಬಂತು. ವೆಂಕಟರವಣಪ್ಪನ ಮಗ, ತಾಲ್ಲೂಕು ಆಫೀಸಿನಲ್ಲಿ ಗುಮಾಸ್ತ. ಅಪ್ಪ ಮಗ ಇಬ್ಬರೂ ಮೇಷ್ಟ್ರ ಗುರುವಾರದವರೇ. ಹೆಣ್ಣು ನೋಡಲು ಬಂದಾಗ ಮೇಷ್ಟ್ರನ್ನೂ ಕರೆತಂದಿದ್ದರು. ಹುಡುಗಿ ಕಾಫಿ ಕೊಟ್ಟು ಒಳಗೆ ಹೋದವಳು ತುಟಿ ಬಿಚ್ಚಲಿಲ್ಲ. ಕೇಳಬೇಕು ಅಂತ ನಾನು ದಿನಾ ಅಂದುಕೊಳ್ಳುತ್ತಿದ್ದೆ. ಬೆಳೆದ ಮಗಳನ್ನು ಎದುರು ನಿಲ್ಲಿಸಿಕೊಂಡು ಅಪ್ಪನಾದವನು ಇಂಥದ್ದನ್ನು ಕೇಳುವುದು ನಮ್ಮ ಕಡೆ ಇಲ್ಲ. ನಾಲಿಗೆ ಏಳಲಿಲ್ಲ.

ಒಂದು ಗುರುವಾರ ಅಕ್ಕ ನನ್ನನ್ನೂ ಎಳೆದುಕೊಂಡು ಹೋದಳು. ಹಜಾರದಲ್ಲಿ ವೆಂಕಟರವಣಪ್ಪ ಆಗಲೇ ತಾಂಬೂಲದ ತಟ್ಟೆ ಪಕ್ಕದಲ್ಲಿಟ್ಟುಕೊಂಡು ಕೂತಿದ್ದ. ಮೇಷ್ಟ್ರು ಕಣ್ಣು ಮುಚ್ಚಿ ತೆರೆದು ನನ್ನ ಕಡೆ ತಿರುಗಿದರು.

"ನರಸಿಂಹಪ್ಪ, ನಿನ್ನ ಹೆಂಡತಿ ನಿನ್ನ ಹತ್ರ ಒಂದು ಮಾತು ತಗೊಂಡಿದಾಳೆ. ಮಗೂನ ಕೇಳ್ಬೇಕು ಅಂತ. ಅದೇ ನಿನ್ನ ಕಟ್ಟಿ ಹಾಕಿರೋದು. ನಿನ್ನ ಮನಸ್ಸು, ನನ್ನ ಮನಸ್ಸು, ಆ ಮಗು ಮನಸ್ಸು ಬೇರೆ ಅಲ್ಲಪ್ಪ. ನಾನು ಒಳಗೇ ಕೇಳಿದೀನಿ. ಹೂಂ ಅಂತಿದೆ."

ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ವೆಂಕಟರವಣಪ್ಪ ತಟ್ಟೆ ಮುಂದೆ ಹಿಡಿದ. ಕೇಳುವ ಕೆಲಸ ಇನ್ನೊಬ್ಬರು ಮುಗಿಸಿದರಲ್ಲ ಅಂತ, ನಿಜ ಹೇಳಬೇಕೆಂದರೆ, ಹೆಗಲ ಮೇಲಿನ ಹೊರೆ ಇಳಿದ ಹಾಗಾಯಿತು. ತಗೊಂಡುಬಿಟ್ಟೆ.

ಬಸ್ಸಿನಲ್ಲಿ ಕೂತ ಮೇಲೆ ಅನುಮಾನ ಶುರುವಾಯಿತು.

"ಅಕ್ಕ, ನಮ್ಮ ಅಡಿಗೆಮನೆಗೆ ಪಕ್ಕದ ಕೋಣೆ ಮಾತು ಕೇಳ್ಸುತ್ತಾ?"

"ಏಮಿರಾ, ನನ್ನೇ ಅನುಮಾನಿಸ್ತೀಯ?"

"ನಿನ್ನನ್ನಲ್ಲ. ಗೋಡೇನ."

ಅವಳು ಮಂಡಿಕಲ್ ಬರುವವರೆಗೂ ಕಿಟಕಿ ಕಡೆಗೇ ಮುಖ ಮಾಡಿಕೊಂಡಿದ್ದಳು.

ಹನ್ನೆರಡು ದಿನ ಆಯಿತು. ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಮದುವೆಯ ದಿನ ಗೊತ್ತು ಮಾಡಲು ಮೇಷ್ಟ್ರು ಅವತ್ತು ನಮ್ಮ ಮನೆಗೆ ಬಂದರು. ಹುಳದ ಮನೆ ನೋಡಬೇಕು ಅಂದರು. ಹೊರಗಿನವರನ್ನು ಒಳಗೆ ಬಿಡುವ ಪದ್ಧತಿಯಿಲ್ಲ; ಬಾಗಿಲಲ್ಲೇ ನಿಂತು ನೋಡಿದರು. ಒಳಗೆ ರತ್ನಮ್ಮ ಖಾಲಿಯಿದ್ದ ಹುಳದ ತಟ್ಟೆ ಚೊಕ್ಕಟ ಮಾಡುತ್ತಿದ್ದಳು.

"ನೋಡಪ್ಪ, ಎಷ್ಟು ಸಾವಿರ ಜೀವ. ಒಂದೂ ತಪ್ಪದೆ ಒಟ್ಟಿಗೆ ತಲೆ ಎತ್ತಿವೆ. ಯಾರು ಹೇಳಿಕೊಟ್ರು ಇವಕ್ಕೆ? ಒಳಗಿರೋ ಅರಿವು ಒಂದೇ" ಅಂದರು ಮೇಷ್ಟ್ರು.

ನಾನು ತಲೆಯಾಡಿಸಿದೆ. ಅಷ್ಟು ವರ್ಷ ಹುಳ ಸಾಕಿದ ನಾನು, ತಲೆಯಾಡಿಸಿದೆ.

"ಅವು ತಾವಾಗೇ ಒಟ್ಟಿಗೆ ಕೂರಲ್ಲ ಮೇಷ್ಟ್ರೆ" ಅಂದಳು ರತ್ನಮ್ಮ, ಕತ್ತೆತ್ತದೆ. "ಜ್ವರದಿಂದ ಮುಂದಾಗಿ ಎದ್ದವಕ್ಕೆ ಸೊಪ್ಪು ಹಾಕದೆ ಹಸಿದಿರಿಸ್ತೀವಿ, ಉಳಿದವು ಏಳೋವರೆಗೂ. ಆಗ್ಲೂ ಹಿಂದೆ ಬಿದ್ದವನ್ನ ಆರಿಸಿ ಕೋಳಿಗೆ ಹಾಕ್ತೀವಿ. ಆಮೇಲೆ ನೋಡಿದ್ರೆ ಎಲ್ಲಾ ಒಂದೇ ಥರ ಕಾಣ್ತವೆ."

"ಹುಡುಗಿ ಚುರುಕು" ಅಂತ ಮೇಷ್ಟ್ರು ನಕ್ಕರು. ದಿನ ಮುಂದಿನ ವಾರ ಹೇಳುತ್ತೇನೆ ಅಂತ ಬಸ್ಸಿಗೆ ಹೊರಟರು.

ನಾನು ಒಳಗೆ ಹೋಗಿ ಅವಳ ಎದುರು ಕುಕ್ಕರುಗಾಲಲ್ಲಿ ಕೂತೆ. "ರತ್ನಮ್ಮ, ಆ ಚಿಂತಾಮಣಿ ಹುಡುಗ ನಿಂಗೆ ಒಪ್ಪಿಗೇನಾ?"

ಅವಳು ಕೈಲಿದ್ದ ಒಣಗಿದ ಸೊಪ್ಪಿನ ಕಡ್ಡಿಗಳನ್ನು ಒಂದೊಂದಾಗಿ ಮಂಕರಿಗೆ ಹಾಕಿದಳು. "ಅತ್ತೆಗೆ ಮೂರು ಸಲ ಹೇಳಿದೀನಪ್ಪ, ಬೇಡ ಅಂತ. ನಿಂಗೆ ಹೇಳ್ತಾರೆ ಅನ್ಕೊಂಡಿದ್ದೆ. ನೀನು ತಾಂಬೂಲ ತಗೊಂಡು ಬಂದೆ. ಇನ್ನೇನು ಅಂತ ಸುಮ್ನಾದೆ."

"ಯಾಕಮ್ಮ ಬೇಡ?"

"ನಿನ್ನ ಹೆಸರೇನು ಅಂತ ನನ್ನ ಕೇಳೋಕೂ ಆ ಹುಡುಗ ಮೇಷ್ಟ್ರ ಮುಖ ನೋಡ್ದ."

ಅಕ್ಕನನ್ನು ಕೇಳಿದೆ. ಅವಳು ತಿರುಗಿ ಜಗಳ ಆಡಲಿಲ್ಲ. "ಮೇಷ್ಟ್ರು ಮನೆ ಕಷ್ಟಸುಖ ಕೇಳೋರು, ಹೇಳ್ತಿದ್ದೆ. ಶ್ಯಾಮಲಮ್ಮನ ಮಾತೂ ಹೇಳ್ದೆ. ನೀನು ಒಬ್ಬನೇ ತೇಯ್ತಾ ಇದೀಯಲ್ಲ, ಹುಡುಗಿ ಒಂದು ಕಡೆ ಸೇರ್ಕೊಳ್ಳಲಿ ಅಂತ ಕಣೋ" ಅಂದಳು.

"ಬೇಡ ಅಂದಿದ್ದೂ ಹೇಳಿದ್ಯಾ ಅವರಿಗೆ?"

"ಹೇಳ್ದೆ."

ಮಾರನೇ ದಿನ ಹೊಸ ಎಲೆ ಅಡಿಕೆ, ತೆಂಗಿನಕಾಯಿ ಕೊಂಡು ಚಿಂತಾಮಣಿಗೆ ಹೋದೆ. ತಗೊಂಡ ತಾಂಬೂಲ ಹಿಂದಕ್ಕೆ ಕೊಡುವುದು ಎರಡು ಮನೆಗೂ ಅವಮಾನ. ವೆಂಕಟರವಣಪ್ಪ ತಟ್ಟೆ ಮುಟ್ಟಲಿಲ್ಲ, ಜಗಲಿಯ ಮೇಲಿಡು ಅಂತ ಕೈ ತೋರಿಸಿದ. ಇಟ್ಟು ಬಂದೆ. ದಾರಿಯಲ್ಲಿ ಚಿಕ್ಕಬಳ್ಳಾಪುರದಲ್ಲಿ ಇಳಿದು ಮೇಷ್ಟ್ರಿಗೂ ಹೇಳಿದೆ.

ಅವರಿಗೆ ಕೋಪ ಬರಲಿಲ್ಲ. "ಬೇಡ ಅನ್ನೋದು ಮೇಲಿನ ಮನಸ್ಸು ನರಸಿಂಹಪ್ಪ. ನಂಗೆ ಕೇಳಿಸಿದ್ದು ಒಳಗಿಂದು."

"ಇರಬಹುದು ಸ್ವಾಮಿ. ನಂಗೆ ಮೇಲಿಂದೇ ಕೇಳ್ಸೋದು. ಸಂಸಾರ ಮಾಡೋದೂ ಅದೇ ಅಲ್ವಾ."

ನಮಸ್ಕಾರ ಮಾಡಿ ಬಸ್ಸಿಗೆ ಹೊರಟೆ. ಮೇಷ್ಟ್ರು ಬೇಕೆಂದೇ ಸುಳ್ಳು ಹೇಳಿದರೋ, ಅವರ ಕಿವಿಗೆ ನಿಜವಾಗಿಯೂ ಹೂಂ ಕೇಳಿಸಿತ್ತೋ, ನನಗೆ ಇವತ್ತಿಗೂ ತಿಳಿದಿಲ್ಲ.

ಆ ಮದುವೆ ನಡೆಯಲಿಲ್ಲ. ಆದರೆ ನಾನು ಮಗಳನ್ನು ಕೇಳಿದ್ದು ತಾಂಬೂಲ ತೆಗೆದುಕೊಂಡ ಹನ್ನೆರಡು ದಿನದ ಮೇಲೆ. ಶ್ಯಾಮಲಮ್ಮನಿಗೆ ಕೊಟ್ಟ ಮಾತನ್ನು ನಾನು ಮುರಿದೆ.