ಕದಿರಪ್ಪ ಬಾಯಿಬಿಟ್ಟ ದಿನ

ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಹಿರಿಯರು ಯಾರಾದರೂ ತೀರಿಕೊಂಡರೆ ತಮಟೆ ಬಡಿದು, ಪಟಾಕಿ ಸಿಡಿಸಿ ಕಳಿಸಿಕೊಡುವುದು ವಾಡಿಕೆ. ಅಂಥ ದಿನ ಇಂದ್ರಾಣಿ ಮನೆಯ ಬಾಗಿಲು, ಕಿಟಕಿ ಎಲ್ಲ ಹಾಕಿಬಿಡುತ್ತಿದ್ದಳು. ಆಕೆಯ ಗಂಡ ಕದಿರಪ್ಪ ಕಾರ್ಗಿಲ್ ಯುದ್ಧ ಮಾಡಿ ಬಂದ ಸಿಪಾಯಿ. ಪಟಾಕಿಯ ಸದ್ದಿಗೆ ಬೆವರಿ, ಗೋಡೆಗೆ ಅಂಟಿ ಕೂತುಬಿಡುತ್ತಿದ್ದ. ಮದುವೆಯಾದ ಹೊಸದರಲ್ಲಿ ಮಾತಿಗೊಮ್ಮೆ ನಗಿಸುತ್ತಿದ್ದವನು ಯುದ್ಧದಿಂದ ಬಂದ ಮೇಲೆ ಮೂಕನಂತಾಗಿದ್ದ. ಇಪ್ಪತ್ತೈದು ವರ್ಷಕ್ಕೂ ಮೇಲೆ ಸಂಸಾರ ಹೀಗೇ ಸಾಗಿತ್ತು.

ಹೋದ ವರ್ಷ ಒಂದು ಮಧ್ಯಾಹ್ನ ಕದಿರಪ್ಪ ಆರು ವರ್ಷದ ಮೊಮ್ಮಗಳು ಲಿಖಿತಳ ಕೈಹಿಡಿದು ಅಂಗಡಿಯಿಂದ ಬರುತ್ತಿದ್ದ. ಎದುರಿಗೆ ಶವದ ಮೆರವಣಿಗೆ. ಸರ ಪಟಾಕಿ ಹತ್ತಿದ್ದೇ ತಡ, ಮಗುವನ್ನು ಚರಂಡಿಯ ಪಕ್ಕ ಕೆಡವಿ, ಅದರ ಮೇಲೆ ಅಡ್ಡ ಬಿದ್ದು, "ತಲೆ ಎತ್ತಬೇಡ! ತಲೆ ಎತ್ತಬೇಡ!" ಎಂದು ಕೂಗತೊಡಗಿದ. ನಾಲ್ಕು ಜನ ಸೇರಿ ಅವನನ್ನು ಎಬ್ಬಿಸುವಷ್ಟರಲ್ಲಿ ಮಗುವಿನ ಮುಂಗೈ ಮುರಿದಿತ್ತು.

ಮಗಳು ಶ್ಯಾಮಲ ಬಂಗಾರಪೇಟೆಯಿಂದ ಓಡಿಬಂದಳು. ಕೈಗೆ ಪಟ್ಟಿ ಹಾಕಿಸಿದ್ದ ಮಗುವನ್ನು ಎತ್ತಿಕೊಂಡು, "ಅಪ್ಪನ್ನ ಬಯ್ಯಾಕೆ ನಂಗೆ ಬಾಯಿ ಬರಲ್ಲಮ್ಮ. ಆದ್ರೆ ಮಗೂನ ಇನ್ನು ಇಲ್ಲಿ ಬಿಡಾಕೆ ಧೈರ್ಯ ಇಲ್ಲ" ಎಂದು ಅಳುತ್ತಾ ಹೊರಟುಹೋದಳು. ಕದಿರಪ್ಪ ಎರಡು ದಿನ ಅನ್ನ ಮುಟ್ಟಲಿಲ್ಲ.

ಗಾಳಿ ಸೋಕಿದೆ, ತಾಯತ ಕಟ್ಟಿಸು ಎಂದರು ನೆರೆಯವರು. ಇಂದ್ರಾಣಿ ಅದಕ್ಕೂ ಹೊರಟಿದ್ದಳು. ಅಷ್ಟರಲ್ಲಿ ಸುದ್ದಿ ತಿಳಿದು ಆಂಡರ್ಸನ್‌ಪೇಟೆಯಿಂದ ಸೆಲ್ವರಾಜ್ ಬಂದ. ಕಾರ್ಗಿಲ್ ಬೆಟ್ಟದಲ್ಲಿ ಕದಿರಪ್ಪನ ಜೊತೆ ಕಾದಾಡಿದವನು.

"ಗಾಳೀನೂ ಇಲ್ಲ, ದೆವ್ವಾನೂ ಇಲ್ಲ ತಂಗಚ್ಚಿ. ಇದು ಯುದ್ಧದ ಗಾಯ. ನಂಗೂ ಇತ್ತು. ಮನಸ್ಸಿನ ಡಾಕ್ಟರತ್ರ ಓಗಿ, ಒಂದು ವರ್ಷ ಮಾತ್ರೆ ತಗೊಂಡೆ."

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಕದಿರಪ್ಪ ಎದ್ದು ಕೂತು ಸಿಡುಕಿದ. "ನಾನೇನು ಉಚ್ಚನೇನ್ಲಾ? ಸಿಪಾಯಿ ಕಣ್ಲಾ ನಾನು. ಜನ ನಗಲ್ವಾ?"

"ನಿನ್ ಕಾಲಿಂದ ಡಾಕ್ಟ್ರು ಗುಂಡು ತೆಗೆದ್ರಲ್ಲ, ಆವಾಗ ಯಾರ್ಲಾ ನಕ್ಕಿದ್ದು?"

ಕದಿರಪ್ಪನ ಕೈ ಕಾಲಿನ ಹಳೆಯ ಕಲೆಯತ್ತ ಹೋಯಿತು. ಸೆಲ್ವರಾಜ್ ದನಿ ತಗ್ಗಿಸಿ ಕೇಳಿದ: "ನಮ್ ಜೊತೆಗಿದ್ದ ಮುನೀಂದ್ರನೇ ಕಣ್ಮುಂದೆ ಬರ್ತಾನಾ?"

ಆ ಹೆಸರನ್ನು ಇಂದ್ರಾಣಿ ಕೇಳಿದ್ದು ಅದೇ ಮೊದಲು. ಕದಿರಪ್ಪ ನೆಲ ನೋಡುತ್ತಾ ಹೇಳತೊಡಗಿದ.

"ನೀರು ಕೇಳ್ದ ಕಣ್ಲಾ. ಇಪ್ಪತ್ತು ಮಾರು ದೂರದಾಗೆ ಬಿದ್ದಿದ್ದ. ಷೆಲ್ಲು ಬೀಳ್ತಾನೇ ಇತ್ತು. ತಲೆ ಎತ್ತಬೇಡ ಅಂತ ಕೂಗ್ದೆ, ಅಷ್ಟೇ. ನೀರು ಕೊಡಾಕೆ ಓಗ್ಲಿಲ್ಲ. ಸದ್ದು ನಿಂತ ಮ್ಯಾಲೆ ಓಗಿ ನೋಡಿದ್ರೆ ಉಸಿರಿರ್ಲಿಲ್ಲ. ಅವರಮ್ಮಂಗೆ ಮಾತ್ರ, ತಕ್ಷಣ ಪ್ರಾಣ ಓಯ್ತು, ನೋವೇ ಆಗ್ಲಿಲ್ಲ ಅಂತ ಸುಳ್ಳು ಏಳ್ಬಿಟ್ಟೆ."

ಇಷ್ಟು ವರ್ಷ ಗಂಡನಿಗೆ ತನ್ನ ಮೇಲೇ ಬೇಸರ ಎಂದುಕೊಂಡಿದ್ದಳು ಇಂದ್ರಾಣಿ. ಹೋಗಿ ಅವನ ಪಕ್ಕ ಕೂತಳು. "ಇದನ್ನೆಲ್ಲ ಒಬ್ರೇ ಒತ್ಕೊಂಡಿದ್ರಾ?"

ಕದಿರಪ್ಪ ಗಟ್ಟಿಯಾಗಿ ಅತ್ತುಬಿಟ್ಟ. ಅತ್ತು ಅತ್ತು ಸಾಕಾದ ಮೇಲೆ, "ಎಲ್ಲಿಗ್ಲಾ ಬರ್ಬೇಕು?" ಎಂದು ಸೆಲ್ವರಾಜನನ್ನು ಕೇಳಿದ.

ಆ ವಾರವೇ ಮೂವರೂ ಕೋಲಾರದ ಸರ್ಕಾರಿ ಆಸ್ಪತ್ರೆಗೆ ಹೋದರು. ವೈದ್ಯೆ ಗದರಲಿಲ್ಲ. "ಯುದ್ಧ ನೋಡಿ ಬಂದ ಎಷ್ಟೋ ಜನಕ್ಕೆ ಹೀಗಾಗುತ್ತೆ. ತಡವಾಗಿ ಬಂದ್ರೂ ಚಿಕಿತ್ಸೆ ಇದೆ" ಎಂದರು. ಮಾತ್ರೆ ಬರೆದುಕೊಟ್ಟರು, ಹದಿನೈದು ದಿನಕ್ಕೊಮ್ಮೆ ಕೂರಿಸಿಕೊಂಡು ಮಾತಾಡಿಸಿದರು. ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಎರಡು ಸಲ ಮಾತ್ರೆ ಬಿಸಾಡಿದ. ಇಂದ್ರಾಣಿ ಬಿಡಲಿಲ್ಲ. ಐದನೇ ತಿಂಗಳಿಗೆ ಸರಿಯಾಗಿ ನಿದ್ದೆ ಹತ್ತಿತು. ಪಟಾಕಿಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಆದರೆ "ನಂಗೆ ಆಗ್ತಿಲ್ಲ, ಇಲ್ಲೇ ಕೂತ್ಕೋ" ಎಂದು ಹೆಂಡತಿಗೆ ಹೇಳುತ್ತಾನೆ. ಈ ಯುಗಾದಿಗೆ ಬಂದ ಶ್ಯಾಮಲ ಮಗುವನ್ನು ಒಂದು ವಾರ ತಾತನ ಬಳಿ ಬಿಟ್ಟು ಹೋದಳು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಗೂ ಗಡಿಯಿಂದ ಒಬ್ಬರು ಮರಳಿರಬಹುದು. ಅವರು ಸದ್ದಿಗೆ ಬೆಚ್ಚಿದರೆ, ನಿದ್ದೆಗೆಟ್ಟರೆ, ಕುಡಿತಕ್ಕೆ ಬಿದ್ದರೆ, ಮಾತು ಬಿಟ್ಟರೆ ಹುಚ್ಚು ಎನ್ನಬೇಡಿ, ಹೇಡಿ ಎನ್ನಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಕಾಸು ಕೊಡಬೇಕಿಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಅದಕ್ಕೂ ಮುಂಚೆ, ಇವತ್ತೇ, ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಯಾರಾದರೂ ಕೇಳಲಿ ಎಂದು ಅವರು ವರ್ಷಗಳಿಂದ ಕಾಯುತ್ತಿರಬಹುದು.