ಶುಭಕಾರ್ಯ ಮುಗಿಯಲಿ

ನನ್ನ ಅಕ್ಕ ಇಂದುಮತಿ ಎಲ್ಲರ ಎದುರಿಗೂ ನನ್ನನ್ನು "ಪೋರ್ಟ್ ಲಾಜಿಸ್ಟಿಕ್ಸ್‌ನಲ್ಲಿದ್ದಾಳೆ" ಎಂದು ಪರಿಚಯಿಸುತ್ತಾಳೆ. ಕೇಳಿದವರು ನಾನು ಎಸಿ ರೂಮಿನಲ್ಲಿ ಕುರ್ಚಿ ತಿರುಗಿಸುತ್ತ ಕೂತಿರುತ್ತೇನೆ ಅಂದುಕೊಳ್ಳಲಿ ಎಂಬುದು ಅವಳ ಆಸೆ. ನಾನು ಪರ್ತ್‌ನ ಬಂದರಿನಲ್ಲಿ ಸ್ಟ್ರಾಡಲ್ ಓಡಿಸುವವಳು. ಸ್ಟ್ರಾಡಲ್ ಅಂದರೆ ನಾಲ್ಕು ಉದ್ದ ಕಾಲಿನ ಯಂತ್ರ. ಹಡಗಿನಿಂದ ಇಳಿದ ಕಂಟೇನರನ್ನು ಕಾಲುಗಳ ನಡುವೆ ಎತ್ತಿಕೊಂಡು ಯಾರ್ಡಿನ ತುಂಬ ಓಡುತ್ತದೆ. ಡ್ರೈವರ್ ಕೂರುವ ಗೂಡು ಮೂರನೇ ಮಹಡಿಯಷ್ಟು ಮೇಲೆ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿ, ಸ್ಕಿಲ್ಡ್ ವೀಸಾದಲ್ಲಿ ಬಂದು, ಇಂಜಿನಿಯರ್ ಕೆಲಸ ಸಿಗದೆ ವೆಲ್ಷ್‌ಪೂಲ್‌ನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ, ಕೊನೆಗೆ ಈ ಗೂಡಿಗೆ ಹತ್ತಿದೆ. ಹತ್ತಿದ ಮೇಲೆ ಇಳಿಯುವ ಮನಸ್ಸೇ ಬರಲಿಲ್ಲ. ಅಕ್ಕನಿಗೆ ಇದು ಅರ್ಥವಾಗುವುದಿಲ್ಲ, ನಾನು ಅರ್ಥ ಮಾಡಿಸಲು ಹೋಗುವುದೂ ಇಲ್ಲ.

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಬಂದರಿನಲ್ಲಿ ಅದನ್ನು ಯಾರೂ ಕೊರತೆ ಎಂದುಕೊಳ್ಳಲಿಲ್ಲ. ಲೊರೇನ್ ಅಂತೂ ಮೆಚ್ಚಿಕೊಂಡಳು. ಲೊರೇನ್ ನಮ್ಮ ಯೂನಿಯನ್ನಿನ ಪ್ರತಿನಿಧಿ, ಅರವತ್ತರ ಹತ್ತಿರದ ಹೆಂಗಸು, ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರನ್ನೂ "ಲವ್" ಎಂದು ಕರೆಯುತ್ತಾಳೆ. ನನಗೆ ಸ್ಟ್ರಾಡಲ್ ಕಲಿಸಿದವಳು ಅವಳೇ. ಮನೆಯಲ್ಲಿ ಗಂಡ ಆಕ್ಸಿಜನ್ ಹಚ್ಚಿಕೊಂಡು ಮಲಗಿರುತ್ತಾನೆ. ಅವಳ ಸಂಬಳದಲ್ಲೇ ಮನೆ ನಡೆಯಬೇಕು, ಆ ವಯಸ್ಸಿನಲ್ಲಿ ಬೇರೆ ಎಲ್ಲೂ ಅವಳಿಗೆ ಕೆಲಸ ಕೊಡುವವರಿಲ್ಲ.

ರಾಘವ ಬಂದದ್ದು ಕಳೆದ ಬೇಸಿಗೆಯಲ್ಲಿ, ಬ್ರಿಸ್ಬೇನ್‌ನಿಂದ. ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿಯಲ್ಲಿ ಅವನು ಇಂಜಿನಿಯರ್. ನಮ್ಮ ಸ್ಟ್ರಾಡಲ್‌ಗಳಿಗೆ ಸೆನ್ಸರ್ ಕೂರಿಸಲು ಅವನನ್ನು ಕಳಿಸಿದ್ದರು. ಕಂಟೇನರ್ ಎಲ್ಲಿಟ್ಟೆವು ಎಂದು ತಿಳಿಯುವುದಕ್ಕಷ್ಟೇ ಸೆನ್ಸರ್ ಎಂದಿತು ನಮ್ಮ ಟರ್ಮಿನಲ್‌ನ ಆಡಳಿತ. ಇವತ್ತು ಸೆನ್ಸರ್, ನಾಳೆ ಡ್ರೈವರೇ ಬೇಡ ಎಂದರು ನಮ್ಮವರು. ಅವನ ಪಕ್ಕ ಯಾರೂ ಕೂರಲು ಒಪ್ಪಲಿಲ್ಲ. ಇಂಡಿಯನ್ ಅಲ್ಲವೇ, ನೀನೇ ನೋಡಿಕೋ ಎಂದು ನನ್ನ ಗೂಡಿಗೆ ಹತ್ತಿಸಿದರು.

ಅವನು ಏಣಿ ಹತ್ತುವಾಗಲೇ ಬಿಳಿಚಿಕೊಂಡಿದ್ದ. ಬ್ಯಾಗಿನ ಮೇಲೆ ಮೈಸೂರಿನ ಕಾಲೇಜಿನ ಹೆಸರು ನೋಡಿ ನಾನು ಕನ್ನಡದಲ್ಲೇ ಹೇಳಿದೆ.

"ಕೆಳಗೆ ನೋಡ್ಬೇಡಿ, ಇಂಜಿನಿಯರ್ ಸಾಹೇಬ್ರೇ."

"ನೋಡ್ತಾನೇ ಇಲ್ಲ. ಕಣ್ಣು ಮುಚ್ಕೊಂಡಿದೀನಿ."

"ಕಣ್ಣು ಮುಚ್ಕೊಂಡು ಸೆನ್ಸರ್ ಹೆಂಗೆ ಹಾಕ್ತೀರ?"

"ನೀವು ಸ್ವಲ್ಪ ಮಾತಾಡ್ತಾ ಇರಿ. ಧೈರ್ಯ ಬಂದ್ಬಿಡತ್ತೆ."

ನಾನು ಮಾತಾಡುತ್ತಲೇ ಇದ್ದೆ. ಊಟದ ಹೊತ್ತಿಗೆ ಕ್ರಿಬ್ ರೂಮಿನಲ್ಲಿ, ಅಂದರೆ ನಾವೆಲ್ಲ ಕೂತು ತಿನ್ನುವ ಕೋಣೆಯಲ್ಲಿ, ಅವನು ಮೊಸರನ್ನದ ಡಬ್ಬಿ ಬಿಚ್ಚಿ ಉಪ್ಪಿನಕಾಯಿಯನ್ನು ನನಗೇ ಜಾಸ್ತಿ ಹಾಕಿದ. ಲೊರೇನ್ ಮೂಗು ಮುಚ್ಚಿಕೊಂಡು ನಕ್ಕಳು. ಕೆಲಸ ಮುಗಿಸಿ ಅವನು ಬ್ರಿಸ್ಬೇನ್‌ನ ಕ್ಯಾಲಮ್‌ವೇಲ್‌ಗೆ ಹೋದ ಮೇಲೂ ಮಾತು ನಿಲ್ಲಲಿಲ್ಲ. ನನಗೆ ಮೂವತ್ತಾರು. ಈ ವಯಸ್ಸಿನಲ್ಲಿ ಫೋನ್ ಹಿಡಿದುಕೊಂಡು ಒಬ್ಬಳೇ ನಗುತ್ತೇನೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಅವರನ್ನು ಬೈದು ಕಳಿಸುತ್ತಿದ್ದೆ. ಅಷ್ಟು ಇಷ್ಟವಾಗಿದ್ದ ಅವನು ನನಗೆ.

ಜೂನ್ ಕೊನೆಯ ಭಾನುವಾರ ಅಡಿಲೇಡ್‌ನಲ್ಲಿ ನಿಶ್ಚಿತಾರ್ಥ ಎಂದಾಯಿತು. ಅಕ್ಕ ಮತ್ತು ಭಾವ ಚಂದ್ರಮೌಳಿ ಇರುವುದು ಅಲ್ಲಿನ ಕಿಲ್ಬರ್ನ್‌ನಲ್ಲಿ. ಭಾವ ಅಲ್ಲಿಯೇ ಕ್ಲಿನಿಕ್‌ನಲ್ಲಿ ಡಾಕ್ಟರು. ಅಪ್ಪ ಅಮ್ಮ ಇಲ್ಲದ ನನಗೆ ತವರು ಅಂದರೆ ಅದೇ ಮನೆ. ಅಕ್ಕ ಒಂದು ತಿಂಗಳಿಂದ ಹೋಳಿಗೆಯ ಹೂರಣದ ಬಗ್ಗೆಯೇ ಮಾತಾಡುತ್ತಿದ್ದಳು.

ಅದೇ ವಾರ ಬಂದರಿನಲ್ಲಿ ಹೊಸ ಒಪ್ಪಂದದ ಮತದಾನವಿತ್ತು. ವಿಷಯ ಇಷ್ಟೇ. ಒಪ್ಪಂದಕ್ಕೆ ಹೂಂ ಅಂದರೆ ಸಂಬಳ ಸ್ವಲ್ಪ ಏರುತ್ತದೆ, ಆದರೆ ನಾಲ್ಕು ವರ್ಷ ನಾವು ಮುಷ್ಕರ ಹೂಡುವಂತಿಲ್ಲ, ಕಾನೂನೇ ಬಿಡುವುದಿಲ್ಲ. ಡ್ರೈವರ್ ಇಲ್ಲದ ಯಂತ್ರ ತರುವುದಿಲ್ಲ ಎಂದು ಬರೆದುಕೊಡಿ ಎಂದಳು ಲೊರೇನ್. ಅಂಥ ಯೋಚನೆಯೇ ಇಲ್ಲದಿರುವಾಗ ಬರೆದುಕೊಡುವುದೇನು ಎಂದರು ಮ್ಯಾನೇಜರು. ನಂಬಬೇಕೋ ಬಿಡಬೇಕೋ ತಿಳಿಯದೆ ಎಲ್ಲರೂ ಒದ್ದಾಡುತ್ತಿದ್ದರು. ಯಂತ್ರ ಬರುವುದಾದರೆ ಈಗಲೇ ಕೆಲಸ ನಿಲ್ಲಿಸಿ ಕೂರಬೇಕು. ಒಮ್ಮೆ ಹೂಂ ಅಂದ ಮೇಲೆ ಕೈಕಟ್ಟಿ ನೋಡುತ್ತ ನಿಲ್ಲುವುದೇ ಗತಿ.

ಬುಧವಾರ ಕೆಲಸ ಬಿಟ್ಟು ಬರುವಾಗ ಪೆಟ್ರೋಲ್ ಬಂಕಿನಲ್ಲಿ ಕಾರಿಗೆ ಪೆಟ್ರೋಲ್ ಹಾಕುತ್ತ ರಾಘವನಿಗೆ ಫೋನ್ ಮಾಡಿದೆ.

"ರಾಘು, ಒಂದು ಕೇಳ್ತೀನಿ, ನಿಜ ಹೇಳು. ನಮ್ಮ ಟರ್ಮಿನಲ್‌ಗೆ ಡ್ರೈವರ್ ಇಲ್ದೇ ಇರೋ ಸ್ಟ್ರಾಡಲ್ ಬರ್ತಿದ್ಯಾ?"

ಅವನು ಒಂದು ಕ್ಷಣ ತಡೆದ. ಲೈನ್ ಸರಿಯಿಲ್ಲ ಅಂದುಕೊಂಡೆ.

"ಇಲ್ವೇ. ಯಾಕೆ?"

"ಯಾಕೂ ಇಲ್ಲ. ಸುಮ್ನೆ ಕೇಳ್ದೆ."

ಮತದಾನದ ವಿಷಯ ನಾನು ಬಾಯಿ ಬಿಡಲಿಲ್ಲ. ಕ್ರಿಬ್ ರೂಮಿನ ಮಾತು ಕಂಪನಿ ಕಡೆಯವರ ಕಿವಿಗೆ ಹೋಗಬಾರದು, ಅವರು ಗಂಡನಾದರೂ ಸರಿ, ಅಣ್ಣನಾದರೂ ಸರಿ. ಬಂದರಿನಲ್ಲಿ ಲೊರೇನ್ ಮೊದಲು ಕಲಿಸಿದ್ದೇ ಅದನ್ನು. "ಸೀರೆ ಯಾವ ಬಣ್ಣದ್ದು?" ಎಂದು ಅವನು ಕೇಳಿದ, ನಾನು ಹೇಳಿದೆ.

ಶುಕ್ರವಾರ ಬೆಳಿಗ್ಗೆ ಕೆಲಸ ನಿಲ್ಲಿಸಿ ಶೆಡ್ಡಿನಲ್ಲಿ ಸಭೆ ಸೇರಿದರು. ಮಾತು ಎಷ್ಟು ಆಡಿದರೂ ಯಂತ್ರ ಬರುತ್ತದೋ ಇಲ್ಲವೋ ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು. ನಾನು ಎದ್ದು ನಿಂತೆ. ವಿಷಯ ಗೊತ್ತಿರುವವರನ್ನೇ ಕೇಳಿದ್ದೇನೆ, ಯಂತ್ರ ಬರುತ್ತಿಲ್ಲ ಎಂದೆ. ಆ ಗೊತ್ತಿರುವವರು ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು, ನಗು ಎದ್ದಿತು. ಲೊರೇನ್ ಮಾತ್ರ ನಗಲಿಲ್ಲ.

"ನಿನಗೆ ನಂಬಿಕೆ ಇದೆಯಾ, ಲವ್?"

"ಭಾನುವಾರ ಅವನ ಜೊತೆ ತಾಂಬೂಲ ಬದಲಾಯಿಸ್ತೀನಿ. ನಂಬದೇ ಹೋದ್ರೆ ಹೆಂಗೆ?"

ತಾಂಬೂಲ ಅಂದರೇನೆಂದು ವಿವರಿಸಬೇಕಾಯಿತು. ಮತ ಹಾಕುವುದು ಫೋನಿನಲ್ಲೇ. ವಿವರಿಸಿದ ಮೇಲೆ ಲೊರೇನ್ ತನ್ನ ಫೋನ್ ತೆಗೆದು ಹೂಂ ಎಂದು ಒತ್ತಿದಳು. ಅವಳನ್ನು ನೋಡಿ ಉಳಿದವರು ಒತ್ತಿದರು. ಮತದಾನ ಭಾನುವಾರ ಸಂಜೆಯವರೆಗೆ ತೆರೆದಿತ್ತು, ಆದರೆ ನಮ್ಮವರು ಅಲ್ಲಿಯೇ ನಿಂತು ಮುಗಿಸಿ ಹಡಗಿನ ಕೆಲಸಕ್ಕೆ ಹೋದರು.

ಭಾನುವಾರ ಕಿಲ್ಬರ್ನ್‌ನ ಮನೆಯಲ್ಲಿ ಎಲ್ಲವೂ ಅಕ್ಕ ಅಂದುಕೊಂಡ ಹಾಗೆಯೇ ನಡೆಯಿತು. ರಾಘವನ ಅಣ್ಣ ಅತ್ತಿಗೆ ಬಂದಿದ್ದರು. ಎಲೆ ಅಡಿಕೆ, ತೆಂಗಿನಕಾಯಿ, ಉಂಗುರ ಎಲ್ಲ ಆಯಿತು. ರಾಘವ ಉಂಗುರ ತೊಡಿಸುವಾಗ ಅವನ ಕೈ ಬೆವರಿತ್ತು. ಏಣಿಯ ಭಯದವನು, ಇದಕ್ಕೂ ಹೆದರಿದ್ದಾನೆ ಎಂದು ನನಗೆ ಮುದ್ದು ಬಂತು.

ಊಟಕ್ಕೆ ಕೂತೆವು. ಅಕ್ಕ ನನ್ನ ಹೋಳಿಗೆಯ ಮೇಲೆ ತುಪ್ಪ ಸುರಿದಳು, ಹುಳಿ ಅನ್ನ ಮುಗಿಸಿದ ನನಗೆ ಮತ್ತೆ ಅನ್ನ ಹಾಕಿದಳು, ಬೇಡವೆಂದರೂ ಹಾಕಿದಳು. ಬೇರೆ ಯಾರಿಗೂ ಅಷ್ಟು ಒತ್ತಾಯ ಮಾಡುತ್ತಿರಲಿಲ್ಲ. ನನ್ನ ಎಲೆಯನ್ನೇ ನೋಡುತ್ತಿದ್ದಳು, ನನ್ನ ಮುಖ ನೋಡುತ್ತಿರಲಿಲ್ಲ. ಭಾವ ಸುಮ್ಮನೆ ಮಜ್ಜಿಗೆ ಕುಡಿಯುತ್ತಿದ್ದರು. ಅಪ್ಪ ತೀರಿಕೊಂಡಾಗ ಚಿಕ್ಕಪ್ಪ ನನ್ನನ್ನು ಹಾಸ್ಟೆಲಿನಿಂದ ಕರೆದುಕೊಂಡು ಬರುತ್ತ ತಿಪಟೂರಿನಲ್ಲಿ ಬಸ್ಸಿಳಿಸಿ ಹೀಗೆಯೇ ತಿನ್ನಿಸಿದ್ದರು. ಇನ್ನೊಂದು ಇಡ್ಲಿ ಹಾಕ್ಕೋ, ಇನ್ನೊಂದು ಹಾಕ್ಕೋ ಎಂದು. ನಮ್ಮ ಜನ ಕೆಟ್ಟ ಸುದ್ದಿಯನ್ನು ಖಾಲಿ ಹೊಟ್ಟೆಯವರಿಗೆ ಹೇಳುವುದಿಲ್ಲ.

"ಯಾರು ಹೋದ್ರು ಅಕ್ಕ?" ಎಂದೆ.

"ಬಿಡ್ತು ಅನ್ನು. ಒಳ್ಳೇ ದಿನ ಎಂಥ ಮಾತಾಡ್ತೀಯೆ. ಊಟ ಮಾಡು ಮೊದ್ಲು."

"ಯಾರು ಅಂತ ಹೇಳು."

"ಯಾರೂ ಹೋಗಿಲ್ಲಮ್ಮ. ಊಟ ಆಗ್ಲಿ. ರಾಘವ ಹೇಳ್ತಾರೆ."

ನಾನು ಕೈ ತೊಳೆದು ಹಿತ್ತಲಿಗೆ ಹೋದೆ. ರಾಘವ ಹಿಂದೆಯೇ ಬಂದು ಬಟ್ಟೆ ಒಣಗಿಸುವ ತಂತಿಯ ಕೆಳಗೆ ನಿಂತ. ನಮ್ಮ ಟರ್ಮಿನಲ್‌ಗೆ ಡ್ರೈವರ್ ಇಲ್ಲದ ಸ್ಟ್ರಾಡಲ್ ಬರುವುದು ಖಚಿತ ಎಂದ. ಅವನ ಕಂಪನಿಯೇ ಮಾಡಿಕೊಡುವುದು. ಮುಂದಿನ ವರ್ಷದೊಳಗೆ ಯಾರ್ಡಿನಲ್ಲಿ ಒಬ್ಬ ಡ್ರೈವರೂ ಇರುವುದಿಲ್ಲ.

"ಯಾವಾಗ ಗೊತ್ತಾಯ್ತು ನಿನಗೆ?"

"ಸೋಮವಾರ. ಹೊರಗೆ ಹೇಳೋ ಹಾಗಿರ್ಲಿಲ್ಲ. ಆದ್ರೂ ನಿನಗೆ ಹೇಳ್ಬೇಕು ಅಂತಾನೇ ಇದ್ದೆ. ಹೆಂಗೆ ಹೇಳೋದು ಗೊತ್ತಾಗ್ದೆ ನಿಮ್ಮಕ್ಕನಿಗೆ ಫೋನ್ ಮಾಡ್ದೆ. ಅವ್ರು, ಶುಭಕಾರ್ಯ ಮುಗೀಲಿ, ಈಗ ಹೇಳಿ ಅವಳ ಮುಖ ಬಾಡಿಸ್ಬೇಡಿ ಅಂದ್ರು. ನನಗೂ ಸರಿ ಅನ್ನಿಸ್ತು. ನಿನ್ನ ಕೆಲಸ ಹೋದ್ರೂ ಮದುವೆ ಆದ್ಮೇಲೆ ಬ್ರಿಸ್ಬೇನ್‌ಗೇ ಬರ್ತೀಯಲ್ಲ, ಒಂದು ವಾರ ತಡ ಆದ್ರೆ ಏನು ಅಂತ."

"ಬುಧವಾರ ಕೇಳಿದ್ನಲ್ಲೋ ನಾನು. ಬಾಯಿ ಬಿಟ್ಟು ಕೇಳಿದ್ನಲ್ಲ."

"ನಿನ್ನ ಕೆಲಸದ ಚಿಂತೆಗೆ ಕೇಳ್ತಿದೀಯ ಅಂದ್ಕೊಂಡೆ."

ಮತದಾನದ ವಿಷಯ ಆಗ ಹೇಳಿದೆ. ಶೆಡ್ಡಿನಲ್ಲಿ ಎದ್ದು ನಿಂತು ಏನು ಅಂದೆ ಎಂಬುದನ್ನೂ ಹೇಳಿದೆ. ನಾನು ಲೊರೇನ್‌ಗೆ ಫೋನ್ ಹಚ್ಚಿದೆ. ಮತದಾನ ಇನ್ನೂ ಮುಗಿದಿರಲಿಲ್ಲ. ಅಷ್ಟು ಹೊತ್ತು ಮಾತ್ರ ನನಗೊಂದು ಆಸೆ ಇತ್ತು. ಹೇಳುವುದೆಲ್ಲ ಹೇಳಿ, ಎಲ್ಲರಿಗೂ ತಿಳಿಸು, ಒತ್ತಿದ್ದನ್ನು ಬದಲಾಯಿಸಿ ಎಂದೆ.

"ಬದಲಾಯಿಸೋಕೆ ಆಗಲ್ಲ. ಒಂದ್ಸಲ ಒತ್ತಿದ್ರೆ ಮುಗೀತು. ಎಲ್ಲರೂ ಶುಕ್ರವಾರವೇ ಒತ್ತಿಬಿಟ್ರಲ್ಲ" ಎಂದಳು ಲೊರೇನ್. ಆಮೇಲೆ ಗಂಡ ಕರೆಯುತ್ತಿದ್ದಾನೆ ಎಂದು ಫೋನ್ ಇಟ್ಟಳು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾವು ಹೇಳಿದ್ದು ಒಂದೇ ಒಂದು. ಅದೂ ನಿನ್ನ ಒಳ್ಳೇದಕ್ಕೇ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ಅದು ಸುಳ್ಳು ನೀರಲ್ಲ.

"ಸಾವಿನ ಸುದ್ದಿ ತಡವಾಗಿ ಹೇಳಿದ್ರೆ ಸತ್ತವರು ಸತ್ತೇ ಇರ್ತಾರೆ ಅಕ್ಕ. ನಮ್ಮ ಬಂದರಿನವರೆಲ್ಲ ಬದುಕಿದ್ರು. ಬುಧವಾರ ಹೇಳಿದ್ದಿದ್ರೆ ಉಳೀತಿದ್ರು."

"ನನಗೇನು ಗೊತ್ತಿತ್ತು, ಗೌತಮಿ?"

ನಿಜ, ಅವಳಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ನನ್ನ ಸಿಟ್ಟಿಗೆ ಕೂರಲು ಒಂದು ಜಾಗವೂ ಸಿಗಲಿಲ್ಲ. ಪರ್ತ್‌ಗೆ ಬಂದು ಎಲ್ಲರೆದುರು ತಾನೇ ಸುಳ್ಳು ಹೇಳಿದ್ದೆಂದು ಒಪ್ಪಿಕೊಳ್ಳುತ್ತೇನೆ ಎಂದ ರಾಘವ. ಅವನ ವೀಸಾ ಆ ಕಂಪನಿಯ ಕೈಯಲ್ಲಿದೆ, ಬಾಯಿ ಬಿಟ್ಟರೆ ದೇಶ ಬಿಡಬೇಕು. ಹೋದರೆ ಹೋಗಲಿ ಎಂದ. ಬೇಡ ಎಂದೆ. ಅವನ ಬದುಕು ಹಾಳಾದರೂ ಒತ್ತಿದ ಮತ ವಾಪಸ್ ಬರುವುದಿಲ್ಲ. ಆಗಲೂ ಅವನ ಮೇಲೆ ಪ್ರೀತಿ ಒಂದು ಚೂರೂ ಕಡಿಮೆಯಾಗಿರಲಿಲ್ಲ, ನನಗೆ ಅದೇ ಸಂಕಟ.

ಒಪ್ಪಂದ ಗೆದ್ದಿತು. ಹೊಸ ಯಂತ್ರಗಳ ವಿಷಯ ಮ್ಯಾನೇಜರು ಆ ವಾರವೇ ಘೋಷಿಸಿದರು. ಡ್ರೈವರ್‌ಗಳೆಲ್ಲ ಹೋಗುತ್ತಾರೆ, ಪರದೆ ನೋಡುತ್ತ ಕೂರಲು ಮೂರು ಜನ ಸಾಕು. ಅಷ್ಟಕ್ಕೇ ಬಿಡದೆ ಎಲ್ಲರೆದುರು ನನ್ನ ಕಡೆ ತಿರುಗಿ, "ಗೌತಮಿ, ನೀನು ಇಂಜಿನಿಯರ್, ಕಂಟ್ರೋಲ್ ರೂಮಿಗೆ ನೀನೇ ಸರಿ" ಎಂದರು. ಹಾಳಾಗಿ ಹೋಗಲಿ ಅವರ ನಾಲಿಗೆ. ಅಲ್ಲಿಯವರೆಗೆ ಅನುಮಾನದಲ್ಲಿದ್ದವರಿಗೂ ಆಗ ಖಾತ್ರಿಯಾಯಿತು. ಇವಳು ಗಂಡನಾಗುವವನ ಜೊತೆ ಸೇರಿ ನಮ್ಮನ್ನು ಮಾರಿದಳು ಎಂದುಕೊಂಡರು.

ಯಾರೂ ಬೈಯಲಿಲ್ಲ. ಬೈದಿದ್ದರೆ ನಾನೂ ಬೈಯಬಹುದಿತ್ತು. ಕ್ರಿಬ್ ರೂಮಿನಲ್ಲಿ ಕೊನೆಗೆ ಏಳುವವರು ಎಲ್ಲರ ಮಗ್ಗನ್ನೂ ತೊಳೆದಿಡುವುದು ನಮ್ಮಲ್ಲಿ ರೂಢಿ. ಈಗ ನನ್ನದೊಂದು ಸಿಂಕಿನಲ್ಲಿ ಹಾಗೆಯೇ ಉಳಿಯುತ್ತಿತ್ತು. ನಾನು ಕೂತರೆ ಮೇಜು ಖಾಲಿಯಾಗುತ್ತಿತ್ತು. ಲೊರೇನ್ ರಜೆ ಹಾಕಿ ಮನೆಯಲ್ಲಿದ್ದಳು, ಗಂಡನಿಗೆ ಜಾಸ್ತಿಯಾಗಿತ್ತು.

ನಾನು ಮ್ಯಾನೇಜರ ಹತ್ತಿರ ಹೋಗಿ ಕಂಟ್ರೋಲ್ ರೂಮ್ ಬೇಡ ಎಂದು ಬಂದೆ. ಆಮೇಲೆ ಕಾರಿನಲ್ಲಿ ಕೂತು ರಾಘವನಿಗೆ ಫೋನ್ ಮಾಡಿದೆ.

"ಉಂಗುರ ಅಕ್ಕನ ಹತ್ರ ಕಳಿಸ್ತೀನಿ."

"ನಿಮ್ಮ ಬಂದರಿನವ್ರು ನಂಬ್ಲಿ ಅಂತ ಹಿಂಗೆ ಮಾಡ್ತಿದೀಯ?"

"ಹೂಂ."

"ನಾನು ಬೇಡ ಅಂತಲ್ಲ?"

"ಅಲ್ಲ."

ಅವನು ಅತ್ತ. ಗಂಡಸು ಅಳುವುದನ್ನು ಫೋನಿನಲ್ಲಿ ಕೇಳುವುದು ಬಹಳ ಕಷ್ಟ. ತಡೆಯಲಾರದೆ ನಾನೇ ಫೋನ್ ಇಟ್ಟೆ. ಅವನ ಅಣ್ಣ ಆ ವಾರವೇ ಕಿಲ್ಬರ್ನ್‌ಗೆ ಫೋನ್ ಮಾಡಿ, ಇನ್ನು ಈ ಸಂಬಂಧದ ಮಾತು ಬೇಡ, ತಮ್ಮನಿಗೆ ಬೇರೆ ಕಡೆ ನೋಡುತ್ತೇವೆ ಎಂದರಂತೆ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಅಕ್ಕ ನನಗೆ ಹೇಳಿ, ತಾನೇ ಗೊಳೋ ಎಂದು ಅತ್ತಳು.

ಲೊರೇನ್ ಕೆಲಸಕ್ಕೆ ಬಂದ ದಿನ ಅವಳನ್ನು ಯಾರ್ಡಿನ ಬಾಗಿಲಲ್ಲೇ ಹಿಡಿದೆ. ಉಂಗುರವಿಲ್ಲದ ಬೆರಳು ತೋರಿಸಿದೆ. ನಿಶ್ಚಿತಾರ್ಥ ಮುರಿದೆ, ಕಂಟ್ರೋಲ್ ರೂಮನ್ನೂ ಬಿಟ್ಟೆ ಎಂದೆ.

"ಯಾಕೆ?" ಎಂದಳು.

"ನಿಮ್ಮನ್ನ ಮಾರಿಕೊಂಡವಳಲ್ಲ ನಾನು. ಅದು ನಿಮಗೆ ಗೊತ್ತಾಗಲಿ ಅಂತ."

"ನನಗೆ ಮೊದಲೇ ಗೊತ್ತಿತ್ತು, ಲವ್." ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು. "ಇದರಿಂದ ನನ್ನ ಕೆಲಸ ವಾಪಸ್ ಬರಲ್ಲವಲ್ಲ. ನೀನು ಅವನ ಜೊತೆ ಹೋಗಿದ್ದಿದ್ರೆ, ನಮ್ಮಲ್ಲಿ ಒಬ್ಬಳಿಗಾದ್ರೂ ಏನೋ ಸಿಕ್ತು ಅಂತ ಅಂದ್ಕೋತಿದ್ದೆ."

ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಹಡಗು ಬಂದು ನಿಂತಿತ್ತು. ಅವಳು ಅವಳ ಸ್ಟ್ರಾಡಲ್ ಹತ್ತಿದಳು, ನಾನು ನನ್ನದನ್ನು ಹತ್ತಿದೆ.